ಹಳದಿ ಬೆಲ್ಲ ಕೇಳಿದವರು ನಾವೇ ಅಲ್ವಾ?

ಮಂಡ್ಯದಲ್ಲಿ ಇದ್ದುಕೊಂಡು ಬೆಲ್ಲದ ಬಗ್ಗೆ ಖಾರವಾಗಿ ಬರೆಯುವುದು ಕಷ್ಟ. ಇಲ್ಲಿ ಯಾವ ಮನೆಗೆ ಹೋದರೂ ಕಬ್ಬಿನ ನಂಟು ಒಂದು ಕಡೆ ಇದ್ದೇ ಇರುತ್ತದೆ. ನಮ್ಮ ಮನೆಗೂ ಇದೆ. ಆದರೆ ಈಚೆಗೆ "ಆಲೆಮನೆಯವರೆಲ್ಲ ಬಣ್ಣಕ್ಕೆ ಪೌಡರ್ ಹಾಕ್ತಾರೆ, ಯಾರನ್ನೂ ನಂಬೋ ಹಾಗಿಲ್ಲ" ಅನ್ನುವ ಮಾತು ಮದುವೆ ಮನೆಯಲ್ಲೂ ಬಸ್ಸಿನಲ್ಲೂ ಕೇಳುತ್ತಿದೆ. ಹೇಳುವವರಲ್ಲಿ ಬಹಳ ಜನ ಅಂಗಡಿಯಲ್ಲಿ ಕಂದು ಬೆಲ್ಲವನ್ನು ಪಕ್ಕಕ್ಕೆ ಸರಿಸಿ, ಹೊಳೆಯುವ ಹಳದಿ ಅಚ್ಚು ಆರಿಸಿಕೊಂಡು ಬಂದವರು. ಇದನ್ನು ನೋಡಿ ನೋಡಿ ಬೇಜಾರಾಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆಲೆಮನೆಯಲ್ಲಿ ಆಗುವುದೇನು ಅಂತ ಹೇಳುತ್ತೇನೆ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು ಕುದಿಸುತ್ತಾರೆ. ಕೆಳಗೆ ಉರಿಯುವುದು ಅದೇ ಕಬ್ಬಿನ ರಚ್ಚು, ಅಂದರೆ ಹಾಲು ಹಿಂಡಿ ಉಳಿದ ಒಣ ಸಿಪ್ಪೆ. ಕುದಿ ಬರುವಾಗ ಸ್ವಲ್ಪ ಸುಣ್ಣ ಹಾಕುತ್ತಾರೆ. ಹಿಂದೆ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ತೇಲುತ್ತದೆ. ಅದನ್ನು ತಾಳ್ಮೆಯಿಂದ ತೆಗೆಯುತ್ತಾ ಹೋಗಬೇಕು. ಪಾಕ ಹದಕ್ಕೆ ಬಂದ ಮೇಲೆ ಅಚ್ಚಿಗೆ ಹಾಕುತ್ತಾರೆ. ಹೀಗೆ ಬಂದ ಬೆಲ್ಲದ ಬಣ್ಣ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ಕಬ್ಬಿನ ತಳಿ ಯಾವುದು, ಎಷ್ಟು ಬಲಿತಿದೆ, ಮಣ್ಣಲ್ಲಿ ಉಪ್ಪು ಎಷ್ಟಿದೆ, ಯೂರಿಯಾ ಎಷ್ಟು ಸುರಿದಿದ್ದಾರೆ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಒಳ್ಳೆಯ ಬೆಲ್ಲವೂ ಕಂದು ಬಣ್ಣಕ್ಕೆ ಬರಬಹುದು.

ಜನ ಹೇಳುವ ಆ ಪೌಡರ್, ಹೈಡ್ರೋಸ್, ಬರುವುದು ಇಲ್ಲೇ. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆ ಉದ್ಯಮದಲ್ಲಿ ಬಣ್ಣ ತೆಗೆಯಲು ಬಳಸುವ ಪುಡಿ ಅದು. ಕುದಿಯುವ ಪಾಕಕ್ಕೆ ಹಾಕಿದರೆ ಬೆಲ್ಲ ತಕ್ಷಣ ಹಳದಿಗೆ ತಿರುಗುತ್ತದೆ. ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ತಿಂದರೆ ಉಸಿರಾಟದ ತೊಂದರೆ ಜಾಸ್ತಿಯಾಗುತ್ತದೆ. ಇಷ್ಟೆಲ್ಲ ಮಾಡಿ ಪಡೆದ ಹಳದಿಯಾದರೂ ನಿಲ್ಲುತ್ತದಾ? ಇಲ್ಲ. ಕೆಲವು ದಿನ ಇಟ್ಟರೆ ಬೆಲ್ಲ ಮತ್ತೆ ಕಪ್ಪಾಗುತ್ತಾ ಹೋಗುತ್ತದೆ. ಮಾರುಕಟ್ಟೆಯಲ್ಲಿ ಹರಾಜಾಗಿ ಅಂಗಡಿ ತಲುಪುವವರೆಗೆ ಬಣ್ಣ ಇದ್ದರೆ ಸಾಕು, ಅಷ್ಟೇ ಅದರ ಕೆಲಸ.

ಮಂಡ್ಯದ ಎಪಿಎಂಸಿಗೆ ಹೋಗಿ ನೋಡಿ. ಅಚ್ಚು, ಬಕೆಟ್, ಕುರಿಕಾಲಚ್ಚು ಅಂತ ಬೆಲ್ಲವನ್ನು ವಿಂಗಡಿಸಿ ಇಟ್ಟಿರುತ್ತಾರೆ. ಖರೀದಿದಾರ ಬಂದು ಮುಟ್ಟುತ್ತಾನೆ, ಮುರಿಯುತ್ತಾನೆ, ಬಣ್ಣ ನೋಡುತ್ತಾನೆ, ರೇಟು ಹೇಳುತ್ತಾನೆ. ಗಂಧಕ ಎಷ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಕಾಣುತ್ತದೆ. ಹೈಡ್ರೋಸ್ ಹಾಕದೆ ಕಷ್ಟಪಟ್ಟು ಮಡ್ಡಿ ತೆಗೆದು ಬೆಲ್ಲ ಮಾಡಿದವನ ಸರಕು ಕಂದು ಅನ್ನುವ ಒಂದೇ ಕಾರಣಕ್ಕೆ ಕಡಿಮೆಗೆ ಹೋಗುತ್ತದೆ. ಒಂದು ವರ್ಷ ನಷ್ಟ ತಡೆದುಕೊಳ್ಳಬಹುದು. ಎರಡನೇ ವರ್ಷ ಅವನೂ ಪುಡಿ ತರುತ್ತಾನೆ, ಇಲ್ಲವೇ ಆಲೆಮನೆ ಮುಚ್ಚಿ ಕಬ್ಬನ್ನು ಕಾರ್ಖಾನೆಗೆ ಕಳಿಸುತ್ತಾನೆ.

ಇದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಬರೆದಿದ್ದರು. ಹಳೆಯ ಕಾರುಗಳ ವ್ಯಾಪಾರ ಇಟ್ಟುಕೊಂಡು ಮಾಡಿದ ವಾದ ಅದು. ಮಾರುವವನಿಗೆ ಸರಕಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಅಂದಾಗ ಕೊಳ್ಳುವವನು ಎಲ್ಲದಕ್ಕೂ ಒಂದೇ ಸಾಧಾರಣ ಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕು ಕೊಡಲು ಆಗುವುದಿಲ್ಲ. ಒಳ್ಳೆಯವರು ಮಾರುಕಟ್ಟೆ ಬಿಟ್ಟು ಹೋಗುತ್ತಾರೆ. ಈ ಲೇಖನವನ್ನು ಮೊದಲು ಮೂರು ಪತ್ರಿಕೆಗಳು ಬೇಡ ಅಂದಿದ್ದವು. 2001ರಲ್ಲಿ ಅಕರ್ಲಾಫ್‌ಗೆ ನೊಬೆಲ್ ಬಂತು. ಆ ಲೇಖನದಲ್ಲಿ ನಮ್ಮ ದೇಶವೂ ಇದೆ. ಅಕರ್ಲಾಫ್ 1967–68ರಲ್ಲಿ ದೆಹಲಿಯಲ್ಲಿದ್ದರು. ಬಜಾರಿನ ಅಕ್ಕಿಯಲ್ಲಿ ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ಬೇಕಂತಲೇ ಬೆರೆಸಿರುತ್ತಾರೆ, ಹೆಂಗಸರು ಕೂತು ಆರಿಸಬೇಕಾಗುತ್ತದೆ ಅಂತ ಬರೆದಿದ್ದಾರೆ. ನಮ್ಮ ಅಜ್ಜಿಯರು ಮೊರ ಹಿಡಿದು ಮಧ್ಯಾಹ್ನವೆಲ್ಲ ಕಲ್ಲು ಆರಿಸುತ್ತಿದ್ದರಲ್ಲ, ಅದೇ. ವ್ಯಾಪಾರದ ಮೋಸದ ಲೆಕ್ಕವನ್ನು ಅವರು ತಮ್ಮ ಸಮಯದಿಂದ ತೀರಿಸುತ್ತಿದ್ದರು. ಅಕ್ಕಿಯ ಕಲ್ಲನ್ನು ಆರಿಸಬಹುದಿತ್ತು. ಬೆಲ್ಲದ ಗಂಧಕವನ್ನು ಯಾವ ಮೊರದಲ್ಲಿ ಆರಿಸುವುದು?

"ಹಾಗಾದರೆ ಪ್ರಾಮಾಣಿಕರಿಗೆ ಜನ ಜಾಸ್ತಿ ದುಡ್ಡು ಕೊಟ್ಟರೆ ಆಯ್ತಲ್ಲ" ಅನ್ನಬಹುದು. ಕೊಡುತ್ತಾರಾ ಅಂತ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ರೆಮಿ ಟ್ರುಡೆಲ್ ಮತ್ತು ಜೂನ್ ಕಾಟ್ ಅನ್ನುವ ಇಬ್ಬರು ಸಂಶೋಧಕರು 2009ರಲ್ಲಿ ಇದನ್ನು ಪ್ರಕಟಿಸಿದರು. ಒಂದೇ ಕಾಫಿ ಪುಡಿ. ಕಂಪನಿ ನ್ಯಾಯವಾಗಿ ನಡೆಯುತ್ತದೆ ಅಂತ ಕೆಲವರಿಗೆ ಹೇಳಿದರು, ಅನ್ಯಾಯ ಮಾಡುತ್ತದೆ ಅಂತ ಇನ್ನು ಕೆಲವರಿಗೆ ಹೇಳಿದರು, ಉಳಿದವರಿಗೆ ಏನೂ ಹೇಳಲಿಲ್ಲ. ಏನೂ ಗೊತ್ತಿಲ್ಲದವರು ಒಂದು ಪೌಂಡ್ ಪುಡಿಗೆ ಸರಾಸರಿ 8.31 ಡಾಲರ್ ಕೊಡುತ್ತೇವೆ ಅಂದರು. ನ್ಯಾಯವಂತ ಕಂಪನಿ ಅಂತ ಕೇಳಿದವರು 9.71 ಅಂದರು. ಅನ್ಯಾಯದ ಕಂಪನಿ ಅಂತ ಕೇಳಿದವರು 5.89ಕ್ಕೆ ಇಳಿದರು. ಮೆಚ್ಚಿಗೆಗಿಂತ ಶಿಕ್ಷೆ ದೊಡ್ಡದು ಅಂತ ಆಯ್ತು. ಜನರಿಗೆ ಮಾಹಿತಿ ಸಿಕ್ಕರೆ ಅದಕ್ಕೆ ತಕ್ಕ ಹಾಗೆ ನಡೆಯುತ್ತಾರೆ.

ಅದೇ ಅಧ್ಯಯನದಲ್ಲಿ ಟೀ ಶರ್ಟ್ ಮೇಲೂ ಪ್ರಯೋಗ ಮಾಡಿದ್ದರು. ಅದು ನನಗೆ ಕಾಫಿಗಿಂತ ಮುಖ್ಯ ಅನ್ನಿಸಿತು. ಸಾವಯವ ಹತ್ತಿ 25 ಶೇಕಡಾ ಇರುವ ಶರ್ಟು, 50 ಶೇಕಡಾ ಇರುವ ಶರ್ಟು, ಪೂರ್ತಿ 100 ಶೇಕಡಾ ಇರುವ ಶರ್ಟು. ಮೂರಕ್ಕೂ ಜನ ಕೊಡಲು ಒಪ್ಪಿದ ಬೆಲೆ ಹೆಚ್ಚುಕಡಿಮೆ ಒಂದೇ! ಅಂದರೆ "ಸಾವಯವ" ಅಂತ ಕಂಡರೆ ಸಾಕು, ಎಷ್ಟು ಅಂತ ನಾವು ಕೇಳುವುದಿಲ್ಲ. ಕಾಲು ಭಾಗ ಒಳ್ಳೆಯವನಾಗಿ ಪೂರ್ತಿ ಒಳ್ಳೆಯವನ ಬೆಲೆ ತೆಗೆದುಕೊಳ್ಳಬಹುದು ಅಂತ ಆದರೆ ಯಾರು ತಾನೇ ಪೂರ್ತಿ ಕಷ್ಟಪಡುತ್ತಾರೆ?

ಇದು ಹೊರದೇಶದ ಕಥೆ ಮಾತ್ರ ಅಲ್ಲ. ಕಳೆದ ವರ್ಷ ಮೈಸೂರಿನ ಒಂದು ಅಂಗಡಿಯಲ್ಲಿ "ಆರ್ಗ್ಯಾನಿಕ್ ಮಂಡ್ಯ ಬೆಲ್ಲ" ಅಂತ ದುಪ್ಪಟ್ಟು ಬೆಲೆಗೆ ಇಟ್ಟಿದ್ದರು. ಡಬ್ಬದ ಮೇಲೆ ಹಸಿರು ಎಲೆ, ಎತ್ತಿನ ಗಾಡಿ, ಮುಂಡಾಸಿನ ರೈತ. ತಯಾರಿಸಿದ ಊರಿನ ಹೆಸರಿಲ್ಲ, ಪ್ರಮಾಣಪತ್ರದ ಗುರುತಿಲ್ಲ, ಸರಕು ಯಾವಾಗ ಆಯ್ತು ಅಂತ ಇಲ್ಲ. ಯಾವ ಆಲೆಮನೆಯದು ಅಂತ ಕೇಳಿದೆ. "ನಮ್ಮ ಸಪ್ಲೈಯರ್ ತುಂಬ ಒಳ್ಳೆಯವರು ಮೇಡಂ" ಅಂದರು. ಒಳ್ಳೆಯವರಿದ್ದರೆ ಊರು ಹೇಳಲು ಏನು ತೊಂದರೆ? ನನಗೆ ಕೋಪ ಬಂದಿದ್ದು ದುಡ್ಡಿನ ವಿಷಯಕ್ಕಲ್ಲ. ಆ ಡಬ್ಬದ ಪಕ್ಕದಲ್ಲೇ ನಿಜವಾಗಿ ಶುದ್ಧವಾಗಿ ಮಾಡಿದ ಯಾವುದೋ ರೈತನ ಬೆಲ್ಲ ಇದ್ದಿದ್ದರೆ, ಅದು ಮಂಕಾಗಿ ಕಂಡು ಹಾಗೇ ಉಳಿದುಬಿಡುತ್ತಿತ್ತು.

ಪಾರದರ್ಶಕತೆ ಅಂದರೆ ಚಿತ್ರ ಹಾಕುವುದಲ್ಲ, ಕೊಳ್ಳುವವನು ತಾನೇ ಪರೀಕ್ಷಿಸಿ ನೋಡಬಹುದಾದ ಒಂದು ವಿವರ ಕೊಡುವುದು. ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ ಇದಕ್ಕೆ ಒಳ್ಳೆಯ ಉದಾಹರಣೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಇವತ್ತು ಅದನ್ನು ನಡೆಸುವ ಸರ್ಕಾರಿ ನಿಗಮ ಕೆಎಸ್‌ಐಸಿಯ ಅಸಲಿ ಮೈಸೂರು ಸಿಲ್ಕ್ ಸೀರೆಗೆ ತನ್ನದೇ ಸಂಕೇತ ಸಂಖ್ಯೆ ಇರುತ್ತದೆ, ಹೊಲೊಗ್ರಾಂ ಇರುತ್ತದೆ, ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ. ಬೆಲೆ ಕಡಿಮೆ ಏನಲ್ಲ. ಆದರೂ ಮಳಿಗೆ ತೆರೆಯುವ ಮೊದಲೇ ಹೆಂಗಸರು ಸಾಲಿನಲ್ಲಿ ನಿಲ್ಲುತ್ತಾರೆ. ಜರಿ ಅಸಲಿ ಅನ್ನುವ ನಂಬಿಕೆಗೆ ಒಂದು ಆಧಾರ ಇದೆ, ಅದಕ್ಕೇ ನಿಲ್ಲುತ್ತಾರೆ. ಸೀರೆಗೆ ಮಾಡಬಹುದಾದದ್ದನ್ನು ಬೆಲ್ಲಕ್ಕೆ ಯಾಕೆ ಮಾಡಬಾರದು? "ಒಂದು ಜಿಲ್ಲೆ ಒಂದು ಉತ್ಪನ್ನ" ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದೇ ಬೆಲ್ಲ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಬ್ಬಿನ ಸಂಶೋಧನೆ ನಡೆಯುತ್ತದೆ. ಒಂದು ತಾಸು ದೂರದ ಮೈಸೂರಿನಲ್ಲಿ 1950ರಿಂದ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಪರೀಕ್ಷೆ ಮಾಡುವ ಬುದ್ಧಿವಂತರು ನಮ್ಮ ಮನೆ ಬಾಗಿಲಲ್ಲೇ ಇದ್ದಾರೆ.

ಮಾಹಿತಿ ಸುಲಭವಾಗಿ ಕಣ್ಣಿಗೆ ಬೀಳಬೇಕು, ಕೊಳ್ಳುವ ಜಾಗದಲ್ಲೇ ಇರಬೇಕು. 1998ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಹೋಟೆಲುಗಳ ಸ್ವಚ್ಛತೆಗೆ ಎ, ಬಿ, ಸಿ ಅಂತ ದರ್ಜೆ ಕೊಟ್ಟು, ಕಾರ್ಡನ್ನು ಕಿಟಕಿಯಲ್ಲೇ ಅಂಟಿಸುವ ಪದ್ಧತಿ ಬಂತು. ಜಿನ್ ಮತ್ತು ಲೆಸ್ಲಿ ಅನ್ನುವ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಹೋಟೆಲುಗಳ ಸ್ವಚ್ಛತೆಯ ಅಂಕ ಏರಿತು, ಜನ ದರ್ಜೆ ನೋಡಿ ಹೋಟೆಲು ಆರಿಸತೊಡಗಿದರು, ಕೆಟ್ಟ ಊಟದಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಇಳಿಯಿತು. ಒಂದೇ ಅಕ್ಷರದ ಒಂದು ಕಾರ್ಡು, ಅಷ್ಟೇ! ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರದ ಸ್ಟಾರ್ ರೇಟಿಂಗ್ ಇದೆ, ಆದರೆ ಹೋಟೆಲಿನವರು ಇಷ್ಟಪಟ್ಟರೆ ಮಾತ್ರ.

ಆಲೆಮನೆಗೆ ಇನ್ನೊಂದು ಅನುಕೂಲ ಇದೆ. ಅದು ಮುಚ್ಚಿದ ಕಾರ್ಖಾನೆ ಅಲ್ಲ. ಸುತ್ತ ಗೋಡೆಯೇ ಇರುವುದಿಲ್ಲ. ರಸ್ತೆ ಬದಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಬಿಸಿ ಬೆಲ್ಲ ತಿನ್ನುವುದುಂಟು. ರಯಾನ್ ಬ್ಯುಯೆಲ್ ಅನ್ನುವ ಹಾರ್ವರ್ಡ್ ಪ್ರಾಧ್ಯಾಪಕರು ಮತ್ತು ಅವರ ಜೊತೆಗಾರರು ಒಂದು ಕ್ಯಾಂಟೀನಿನಲ್ಲಿ ಅಡುಗೆಯವರಿಗೂ ಊಟ ಮಾಡುವವರಿಗೂ ಒಬ್ಬರಿಗೊಬ್ಬರು ಕಾಣುವ ಹಾಗೆ ವ್ಯವಸ್ಥೆ ಮಾಡಿ ನೋಡಿದರು. ಊಟದ ಬಗ್ಗೆ ಜನರ ತೃಪ್ತಿ 17.3 ಶೇಕಡಾ ಹೆಚ್ಚಿತು, ಕೆಲಸವೂ ಬೇಗ ಆಯ್ತು. ತಿನ್ನುವವರ ಮುಖ ಕಂಡರೆ ಅಡುಗೆಯವರಿಗೂ ಮನಸ್ಸಿಟ್ಟು ಮಾಡಬೇಕು ಅನ್ನಿಸುತ್ತದೆ. ಶನಿವಾರ ಭಾನುವಾರ "ಬನ್ನಿ, ನೋಡಿ, ಕೊಳ್ಳಿ" ಅಂತ ನಾಲ್ಕು ಆಲೆಮನೆಗಳು ಬೋರ್ಡು ಹಾಕಿದರೂ ಬಹಳ ಬದಲಾಗುತ್ತದೆ ಅಂತ ನನ್ನ ನಂಬಿಕೆ.

ಆ ಬೋರ್ಡಿನಲ್ಲಿ ಲೆಕ್ಕವನ್ನೂ ಬರೆಯಲಿ. ಬ್ಯುಯೆಲ್ ಮತ್ತು ಜೊತೆಗಾರರದೇ ಇನ್ನೊಂದು ಅಧ್ಯಯನದಲ್ಲಿ, ಒಂದು ಬಟ್ಟಲು ಸೂಪಿಗೆ ಯಾವುದಕ್ಕೆ ಎಷ್ಟು ಖರ್ಚು ಅಂತ ಕ್ಯಾಂಟೀನಿನಲ್ಲಿ ಬರೆದು ಹಾಕಿದಾಗ ಮಾರಾಟ ಸುಮಾರು 21 ಶೇಕಡಾ ಏರಿತು. ನಮ್ಮ ಬೆಲ್ಲದ ಲೆಕ್ಕ ಇನ್ನೂ ಸರಳ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುತ್ತದೆ. ಕಬ್ಬು ಟನ್ನಿಗೆ 3000 ರೂಪಾಯಿ ಅಂತ ಇಟ್ಟುಕೊಳ್ಳಿ. ಕಿಲೋ ಬೆಲ್ಲಕ್ಕೆ ಕಬ್ಬಿನ ದುಡ್ಡೇ 30 ರೂಪಾಯಿ ಆಯ್ತು. ಕೂಲಿ, ಕರೆಂಟು, ಸಾಗಣೆ, ಅಂಗಡಿಯವನ ಲಾಭ ಎಲ್ಲ ಇನ್ನೂ ಬಾಕಿ. ಹೀಗಿರುವಾಗ ಯಾರೋ ತೀರಾ ಅಗ್ಗಕ್ಕೆ ಹೊಳೆಯುವ ಬೆಲ್ಲ ಕೊಟ್ಟರೆ, ಅದರಲ್ಲಿ ಸಕ್ಕರೆ ಬೆರೆತಿದೆಯಾ ಅಂತ ಕೇಳುವ ಹಕ್ಕು ನಮಗಿದೆ. ಈ ಲೆಕ್ಕ ಗೊತ್ತಿರುವ ಗ್ರಾಹಕ ಚೌಕಾಸಿ ಮಾಡುವ ರೀತಿಯೇ ಬೇರೆ ಇರುತ್ತದೆ.

ಈಗ ಮಾಲೀಕರ ವಿಷಯ. ಇಲ್ಲಿ ನಾನು ರಿಯಾಯಿತಿ ಕೊಡಲಾರೆ. ನೈತಿಕ ನಾಯಕತ್ವ ಅಂತ ದೊಡ್ಡ ಕಂಪನಿಗಳ ಸಭೆಯಲ್ಲಿ ಮಾತಾಡುತ್ತಾರೆ. 2005ರಲ್ಲಿ ಬ್ರೌನ್, ಟ್ರೆವಿನ್ಯೊ ಮತ್ತು ಹ್ಯಾರಿಸನ್ ಅದನ್ನು ಅಳೆಯಲು ಹತ್ತು ಮಾತುಗಳ ಒಂದು ಪಟ್ಟಿ ಮಾಡಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು: ಬಂದ ಫಲ ಮಾತ್ರ ಅಲ್ಲ, ಅದು ಬಂದ ದಾರಿಯನ್ನೂ ನೋಡಿ ಈ ನಾಯಕ ಗೆಲುವನ್ನು ಅಳೆಯುತ್ತಾನಾ? ಇದನ್ನು ಆಲೆಮನೆಗೆ ತಂದು ನೋಡಿ. ಕೊಪ್ಪರಿಗೆ ಮುಂದೆ ನಿಂತಿರುವುದು ಎಷ್ಟೋ ಕಡೆ ಹೊರರಾಜ್ಯದಿಂದ ಬಂದ ಕೂಲಿ ಕಾರ್ಮಿಕ. ಮಾಲೀಕ ಬಂದು "ಇವತ್ತು ಬಣ್ಣ ಬಂದಿಲ್ಲವಲ್ಲ" ಅಂತ ಒಂದು ಮಾತು ಹೇಳಿದರೆ ಸಾಕು, ನಾಳೆ ಪುಡಿ ಬೀಳುತ್ತದೆ. "ಮಡ್ಡಿ ಸರಿಯಾಗಿ ತೆಗೆದೆಯಾ" ಅಂತ ಕೇಳಿದರೆ ಮಡ್ಡಿ ತೆಗೆಯುತ್ತಾನೆ. ಮಾಲೀಕ ಏನು ಕೇಳುತ್ತಾನೋ ಅದೇ ಕೆಳಗಿನವರೆಗೆ ಇಳಿಯುತ್ತದೆ. ಮೇಲಿನವರ ನಡತೆ ಮೇಲ್ವಿಚಾರಕರ ಮೂಲಕ ಕೆಲಸಗಾರರವರೆಗೆ ಹರಿಯುತ್ತದೆ ಅಂತ 2009ರ ಒಂದು ಅಧ್ಯಯನ ಕಂಪನಿಗಳಲ್ಲೂ ತೋರಿಸಿದೆ. ಹತ್ತು ಜನ ಕೆಲಸ ಮಾಡುವ ಆಲೆಮನೆಯಲ್ಲಿ ಹರಿಯಲು ಎಷ್ಟು ಹೊತ್ತು ಬೇಕು?

ಹಾಗೇ ಮಾಲೀಕನಿಗೆ ನಾವು ಕೇಳುವ ಪ್ರಶ್ನೆಯೂ ತಲುಪುತ್ತದೆ. ಗೋಬಿ ಮಂಚೂರಿಯನ್ನು ನೆನಪು ಮಾಡಿಕೊಳ್ಳಿ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ರೋಡಮಿನ್-ಬಿಯಂಥ ಬಣ್ಣ ಹಾಕಬಾರದು ಅಂತ ನಿಷೇಧಿಸಿತು. ಆಮೇಲೆ ಕಬಾಬಿನ ಬಣ್ಣಕ್ಕೂ ತಡೆ ಬಂತು. ಕೆಂಪಿಲ್ಲದ ಗೋಬಿ ಯಾರು ತಿನ್ನುತ್ತಾರೆ ಅಂತ ಆಗ ಜನ ಕೇಳುತ್ತಿದ್ದರು. ಇವತ್ತು ನಮ್ಮ ಬೀದಿಯ ಗಾಡಿಯಲ್ಲಿ ಬಣ್ಣ ಇಲ್ಲದ ಗೋಬಿಯನ್ನೇ ಮಕ್ಕಳು ಕೇಳಿ ತಿನ್ನುತ್ತಿದ್ದಾರೆ. ಕಣ್ಣಿನ ಅಭ್ಯಾಸ ಬದಲಾಗುತ್ತದೆ. ಯಾರಾದರೂ ಕಾರಣ ಹೇಳಬೇಕು, ಅಷ್ಟೇ.

ಆದ್ದರಿಂದ ನನ್ನ ಕೋರಿಕೆ ಇದು. ಅಂಗಡಿಯಲ್ಲಿ ಬೆಲ್ಲ ಕೊಳ್ಳುವಾಗ ಯಾವ ಊರಿನದು ಅಂತ ಕೇಳಿ. ಪ್ಯಾಕೆಟ್ ಆಗಿದ್ದರೆ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ. ಸಾವಯವ ಅಂತ ಬರೆದಿದ್ದರೆ ಸರ್ಕಾರದ ಸಾವಯವ ಗುರುತು ಇದೆಯಾ ನೋಡಿ. ಸುಳ್ಳು ಅನ್ನಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಂದು ಬೆಲ್ಲಕ್ಕೆ ನಾಲ್ಕು ರೂಪಾಯಿ ಜಾಸ್ತಿ ಕೊಡಲು ಹಿಂದೆಮುಂದೆ ನೋಡಬೇಡಿ. ರೈತ ನೇರವಾಗಿ ಮಾರುತ್ತಿದ್ದರೆ ಗುರುತು, ನಂಬರು ಇಲ್ಲದಿರಬಹುದು. ಆಗ ಆಲೆಮನೆಗೇ ಹೋಗಿ ನೋಡಿಬಿಡಿ.

ಈ ಬರಹ ಓದುತ್ತಿರುವ ಪಾಂಡವಪುರ, ಮದ್ದೂರು, ಶ್ರೀರಂಗಪಟ್ಟಣ ಕಡೆಯ ಆಲೆಮನೆಯವರೇ, ಹೈಡ್ರೋಸ್ ಹಾಕದೆ ಬೆಲ್ಲ ಮಾಡುತ್ತಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಊರು ಬರೆಯಿರಿ, ಹಳದಿ ಬೆಲ್ಲಕ್ಕೂ ನಿಮ್ಮ ಬೆಲ್ಲಕ್ಕೂ ಕ್ವಿಂಟಾಲಿಗೆ ಎಷ್ಟು ವ್ಯತ್ಯಾಸ ಬರುತ್ತಿದೆ ಅಂತಲೂ ಬರೆಯಿರಿ. ಮುಂದಿನ ತಿಂಗಳ ಬೆಲ್ಲ ನಿಮ್ಮಿಂದಲೇ ತರುತ್ತೇನೆ, ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತೇನೆ.