ಪಡಸಾಲಿ ಝಗಝಗ, ಅಡಗಿ ಕಟ್ಟಿ ಕತ್ತಲ

ಹೋದ ಸಲ ಊರಿಗೆ ಬಂದಾಗ ಹುಬ್ಬಳ್ಳ್ಯಾಗ ನಮ್ಮ ಅಣ್ಣನ ಹೊಸಾ ಮನಿ ಮೊದಲನೇ ಸಲ ನೋಡಿದೆ, ವಾಸ್ತು ಶಾಂತಿಗೆ ಬರಾಕ ರಜಾ ಸಿಕ್ಕಿರಲಿಲ್ಲ. ಪಡಸಾಲಿಗೆ ಪಿಒಪಿ ಸೀಲಿಂಗು, ಅಂಚಿಗೆಲ್ಲಾ ಎಲ್‌ಇಡಿ ಪಟ್ಟಿ, ಟಿವಿ ಹಿಂದ ಒಂದು ಬಣ್ಣ, ಸೋಫಾ ಮ್ಯಾಲೆ ಇನ್ನೊಂದು. ಭಾಳ ಚಂದ ಮಾಡಿಸ್ಯಾರ. ಸಂಜಿಮುಂದ ವೈನಿ ಅಕ್ಕಿ ಹಸನ ಮಾಡಾಕ ತಾಟು ತಗೊಂಡು ಆ ಪಡಸಾಲಿಗೇ ಬಂದು ಕುಂತ್ರು. ಯಾಕ್ರಿ ವೈನಿ ಇಲ್ಲಿ ಅಂದ್ರ, "ಒಳಗ ಹಳ್ಳು ಕಾಣಂಗಿಲ್ಲಪಾ" ಅಂದ್ರು. ಅಷ್ಟ ಮಾತು, ನನಗ ಚುಳ್ ಅಂತು.

ಒಳಗ ಹೋಗಿ ನೋಡಿದೆ. ಆಗ್ನೇಯಕ್ಕ ಗ್ಯಾಸ್ ಕಟ್ಟಿ, ಅಡಗಿ ಮಾಡಾವ್ರ ಮುಖ ಪೂರ್ವಕ್ಕ, ಎಲ್ಲಾ ಶಾಸ್ತ್ರದ ಪ್ರಕಾರ ಐತಿ. ಟ್ಯೂಬು ಮಾತ್ರ ಪಶ್ಚಿಮದ ಗ್ವಾಡಿಗೆ, ಬಾಗಲದ ಮ್ಯಾಲೆ. ಅಂದ್ರ ಕಟ್ಟಿ ಮುಂದ ನಿಂತವ್ರ ಬೆನ್ನಿಗೆ ಬೆಳಕು, ಅವ್ರ ನೆರಳು ಪೂರಾ ಈಳಗಿ ಮ್ಯಾಲೆ. ಅದರ ಮ್ಯಾಲೆ ಮಾಡ್ಯುಲರ್ ಕಪಾಟು ಬಂದಾವ, ಅವುಗಳ ನೆರಳು ಬ್ಯಾರೆ. ಎಣಗಾಯಿಗೆ ಬದನಿಕಾಯಿ ನಾಕ ಸೀಳು ಮಾಡಿ ಒಳಗ ಹುಳ ಐತೇನಂತ ನೋಡಬೇಕಂದ್ರ ವೈನಿ ಕಾಯಿ ಹಿಡಕೊಂಡು ಹಿಂದ ತಿರುಗಿ ನೋಡ್ತಾರ, ಮತ್ತ ಈ ಕಡೆ ತಿರುಗ್ತಾರ. ಪ್ರತಿ ಕಾಯಿಗೂ ಹಿಂಗ.

ನಾ ಇರೋದು ಇಂಗ್ಲೆಂಡಿನ ಲೀಡ್ಸ್‌ನ್ಯಾಗ, ಬಾಡಗಿ ಮನಿ, ಹಳೇದು, ಅಡಗಿ ಮನಿ ನಮ್ಮ ದೇವರ ಮನಿಗಿಂತ ಜರಾ ದೊಡ್ಡದು ಅಷ್ಟ. ಆದ್ರ ಗ್ವಾಡಿ ಕಪಾಟಿನ ತಳಕ್ಕ, ಮುಂದಿನ ಅಂಚಿಗೆ ಹತ್ತಿದಂಗ ಸಣ್ಣ ಎಲ್‌ಇಡಿ ಪಟ್ಟಿ ಕೂಡಿಸ್ಯಾರ. ಕಟ್ಟಿಯಿಂದ ಒಂದೂವರಿ ಎರಡು ಫೂಟು ಎತ್ತರದಾಗ, ಕೈ ಮತ್ತ ಕಣ್ಣಿನ ನಡುವ. ನನ್ನ ನೆರಳು ಹಿಂದ ಬೀಳ್ತೈತಿ. ವ್ಯಾಟ್ ಕಮ್ಮಿನ, ಅಣ್ಣನ ಟ್ಯೂಬಿನ ಅರ್ಧಾನೂ ಇಲ್ಲ, ಆದ್ರೂ ಕೊತ್ತಂಬರ್ಯಾಗಿನ ಹುಲ್ಲಿನ ಎಸಳು ಸುದ್ದ ಕಾಣ್ತೈತಿ. ನಮ್ಮಲ್ಲೆ ಬೆಳಕು ಕಮ್ಮಿ ಬಿತ್ತಂದ್ರ ದೊಡ್ಡ ಟ್ಯೂಬ್ ಹಾಕ್ರಿ ಅಂತಾರ, ಬೆಳಕು ಎಲ್ಲಿಂದ ಬೀಳ್ತೈತಿ ಅಂತ ಯಾರೂ ಕೇಳಂಗಿಲ್ಲ.

ಇನ್ನ ಸ್ವಿಚ್ಚಿನ ಸುದ್ದಿ. ಇಂಗ್ಲೆಂಡಿನ್ಯಾಗ ಭಾಳ ಮನಿಯೊಳಗ ಕಟ್ಟಿ ಮ್ಯಾಲಿನ ಗ್ವಾಡಿಗೆ ಒಂದು ಸ್ವಿಚ್ಚಿನ ಸಾಲು ಇರ್ತೈತಿ, ಫ್ರಿಜ್ಜು, ವಾಷಿಂಗ್ ಮಷೀನು, ಚಿಮಣಿ ಅಂತ ಒಂದೊಂದರ ಮ್ಯಾಲೂ ಹೆಸರು ಅಚ್ಚಾಗಿರ್ತೈತಿ. ಮಷೀನು ಕಪಾಟಿನ ಹಿಂದ ಎಲ್ಲೋ ಇರ್ತೈತಿ, ಅದನ್ನ ಬಂದ್ ಮಾಡಾಕ ಹಿಂದ ಕೈ ತೂರೂದು ಬ್ಯಾಡ. ಸಾಕೆಟ್ಟು ಸಿಂಕಿನಿಂದ ಕಮ್ಮೀತ ಕಮ್ಮಿ 30 ಸೆಂಟಿಮೀಟರ್ ದೂರ ಇರ್ಲಿ ಅಂತ ಅಲ್ಲಿಯ ವೈರಿಂಗ್ ಮಂದಿ ಹೇಳ್ತಾರ. ಅಣ್ಣನ ಮನ್ಯಾಗ ಬಾಗಲದ ಬಾಜೂ ಬೋರ್ಡಿನ್ಯಾಗ ಒಂದ ನಮೂನಿ ಬಿಳೀ ಸ್ವಿಚ್ಚು ಸಾಲಾಗಿ ಅದಾವ, ಎಕ್ಸಾಸ್ಟ್ ಯಾವ್ದು ಅಂತ ಹುಡುಕಬೇಕಂದ್ರ ಫ್ಯಾನು ಲೈಟು ಎಲ್ಲಾ ಒಮ್ಮೆ ಒತ್ತಿ ನೋಡಬೇಕು. ಮಿಕ್ಸರ್ ಪಾಯಿಂಟು ಒಲಿ ಹಿಂದಿನ ಗ್ವಾಡಿಗೆ, ವಾಯರ್ ಬರ್ನರ್ ಮ್ಯಾಲೆ ಹಾದು ಹೋಗ್ತೈತಿ. 16 ಆಂಪಿಯರ್ ಸಾಕೆಟ್ಟು, ಅಂದ್ರ ಹೆಚ್ಚು ಕರೆಂಟ್ ತಡಿಯೋ ದೊಡ್ಡದು, ಇಡೀ ಅಡಗಿ ಮನಿಗೆ ಒಂದ, ಅದು ಫ್ರಿಜ್ಜಿಗೆ ಹೋತು, ಫ್ರಿಜ್ಜಿಗೆ ಖರೆ ಅಂದ್ರ 6 ಆಂಪಿಯರಿಂದು ಸಾಕು. 2000 ವ್ಯಾಟಿನ ಇಂಡಕ್ಷನ್ ಒಲಿ 230 ವೋಲ್ಟಿಗೆ 8-9 ಆಂಪಿಯರ್ ಎಳಿತೈತಿ, ಅದಕ್ಕ ಜಾಗಾ ಇಲ್ದ ಎಕ್ಸ್‌ಟೆನ್ಶನ್ ಬಾಕ್ಸು ಸಿಂಕಿನ ಬಾಜೂ ಬಂದು ಕುಂತೈತಿ, ಹಸೀ ಕೈಲೆ ಅದನ್ನ ಮುಟ್ಟೋದು ನೋಡಿದ್ರ ನನ್ನ ಜೀವಾ ಹೋಗ್ತೈತಿ.

ಯಾಕ ಹಿಂಗಾತು ಅಂತ ಅಣ್ಣಗ ಕೇಳಿದೆ. ವೈರಮನ್ ಬಂದಾಗ "ಪಾಯಿಂಟ್ ಎಲ್ಲೆಲ್ಲಿ ಬೇಕ್ರಿ ಸರ್" ಅಂತ ಕೇಳ್ಯಾನ, ಅಣ್ಣ ಪಡಸಾಲ್ಯಾಗ ನಿಂತು ಎಲ್ಲಾ ತೋರಿಸ್ಯಾನ, ಅಡಗಿ ಮನಿಗೆ ಬಂದಾಗ "ಎಲ್ಲಾರ ಮನ್ಯಾಗ ಹೆಂಗ ಇರ್ತೈತಿ ಹಂಗ ಹಾಕು" ಅಂದಾನ. ವೈನೀನ ಯಾರೂ ಕರೀಲಿಲ್ಲ. ನನಗ ಸಿಟ್ಟು ಬಂದದ್ದು ಇದಕ್ಕ. ಪಡಸಾಲ್ಯಾಗ ಬೀಗರು ಬಂದಾಗ ಅರ್ಧಾ ತಾಸು ಕುಂಡ್ರತಾರ, ಆ ಕಟ್ಟಿ ಮುಂದ ಒಬ್ರು ದಿನಾ ಮುಂಜಾನೆ ಸಂಜಿ ತಾಸುಗಟ್ಲೆ ನಿಲ್ತಾರ. ರೊಕ್ಕ ಹೋದದ್ದು ಬೀಗರ ಸೀಲಿಂಗಿಗೆ.

ಅಲ್ಲೇನು ಎಲ್ಲಾ ಸ್ವರ್ಗ ಐತಿ ಅನ್ನಂಗಿಲ್ಲ. ಲೀಡ್ಸ್‌ನ್ಯಾಗ ಡಿಸೆಂಬರಿನ್ಯಾಗ ಮಧ್ಯಾಹ್ನ 4 ಹೊಡಿಯೋದರಾಗ ಸೂರ್ಯ ಮುಳಗಿರ್ತಾನ, ಲೈಟಿನ ಬಗ್ಗೆ ಅವ್ರು ಯೋಚನಿ ಮಾಡ್ಲೇಬೇಕು. ಅಣ್ಣನ ಮನಿ ಕಟ್ಟಿಗೆ ಪೂರ್ವದ ಕಿಟಕಿ ಐತಿ, ಮುಂಜಾನೆ ರೊಟ್ಟಿ ಬಡಿಯೋ ಹೊತ್ತಿಗೆ ಬಿಸಲು ನೇರ ಹಿಟ್ಟಿನ ಮ್ಯಾಲೆ ಬೀಳ್ತೈತಿ, ಹಳೇ ಮಂದಿ ಮುಖ ಪೂರ್ವಕ್ಕ ಇರ್ಲಿ ಅಂದದ್ದು ಸುಮ್ನ ಅಲ್ಲ ಅಂತ ಈಗ ಅನಸ್ತೈತಿ. ಮತ್ತ ಲೀಡ್ಸ್‌ನ್ಯಾಗ ಒಂದು ಪಾಯಿಂಟು ಸರಿಸ್ಬೇಕಂದ್ರ ಎಲೆಕ್ಟ್ರಿಷಿಯನ್ ಸಿಗಾಕ ವಾರಗಟ್ಲೆ ಕಾಯಬೇಕು, ಅವನ ಬಿಲ್ಲು ನೋಡಿದ್ರ ಇದ್ದದ್ದ ಇರ್ಲಿ ಅನಸ್ತೈತಿ. ಹುಬ್ಬಳ್ಳ್ಯಾಗ ಮುಂಜಾನೆ ಫೋನ್ ಮಾಡಿದೆ, ಸಂಜಿಗೆ ಹುಡುಗ ಬಂದು ಮಿಕ್ಸರ್ ಪಾಯಿಂಟಿನಿಂದ ಲೈನ್ ಎಳದು ಕಪಾಟಿನ ತಳಕ್ಕ ಎಲ್‌ಇಡಿ ಪಟ್ಟಿ ಕೂಡಿಸಿ ಹೋದ. ಟೈಲ್ಸ್ ಒಡಿಯೋದು ಬ್ಯಾಡಂತ ವಾಯರ್ ಮುಚ್ಚೋ ಕೇಸಿಂಗ್ ಪಟ್ಟಿ ಹೊರಗ ಕಾಣ್ತೈತಿ, ಇರ್ಲಿ.

ಧಾರವಾಡದಾಗ ನಮ್ಮ ತಂಗಿ ಮನಿ ಕಟ್ಟಾಕತ್ತಾಳ, ಇನ್ನೂ ಇಟ್ಟಂಗಿ ಕಾಣಾಕತ್ತಾವ, ಗಿಲಾವ ಆಗಿಲ್ಲ. ಖಡು ತಗೊಂಡು ಒಲಿ ಎಲ್ಲಿ, ಮಿಕ್ಸರ್ ಎಲ್ಲಿ, ನೀರಿನ ಫಿಲ್ಟರ್ ಎಲ್ಲಿ ಅಂತ ಗ್ವಾಡಿ ಮ್ಯಾಲೆ ನೀನ ಗುರುತು ಹಾಕು, ಆಮ್ಯಾಲೆ ವೈರಮನ್ನ ಕರಿ ಅಂತ ಹೇಳೇನಿ. ಅಕಿ ಗಂಡನೂ ಹೂಂ ಅಂದಾನ.