ಅವಧಿ ಮುಗಿದ ಡೊಮೇನ್ ಹಿಡಿಯಲು ಹೊರಟ ನಮ್ಮೂರ ಹುಡುಗರಿಗೆ

ಎಕ್ಸ್‌ಪೈರ್ ಆದ ಡೊಮೇನ್ (ದುಡ್ಡು ಕಟ್ಟಿ ಇಟ್ಟುಕೊಳ್ಳುವ ವೆಬ್‌ಸೈಟ್ ವಿಳಾಸದ ಹೆಸರು) ಕೊಂಡು ಮಾರುವ ಆಸೆ ಈಗ ನಮ್ಮ ಮಂಗಳೂರು, ಉಡುಪಿ ಕಡೆಗೂ ಬಂದಿದೆ. "ಅಣ್ಣಾ, ಸಾವಿರ ರೂಪಾಯಿಗೆ ತೆಗೆದುಕೊಂಡು ಲಕ್ಷಕ್ಕೆ ಮಾರಬಹುದಂತೆ, ಹೌದಾ?" ಅಂತ ಕಾಲೇಜು ಮುಗಿಸಿದ ಹುಡುಗರು ಕೇಳುತ್ತಾರೆ. ಸಣ್ಣ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಯಾರೂ ಬಳಸದೆ ಬಿಟ್ಟ ಹೆಸರನ್ನು ಕೊಂಡು ಮಾರಿ, ನನ್ನ ತಕರಾರಿಲ್ಲ. ಆದರೆ ಇನ್ನೂ ನಡೆಯುತ್ತಿರುವ ಒಂದು ಸಂಸ್ಥೆ ಮರೆತುಬಿಟ್ಟ ಹೆಸರನ್ನು ಹಿಡಿದು, ಅದೇ ಸಂಸ್ಥೆಯ ಹತ್ತಿರ ದುಡ್ಡು ಕೇಳುವುದು ತಪ್ಪು. ಕಾನೂನಿಗೆ ಸಿಗದಿದ್ದರೂ ತಪ್ಪೇ.

ಮೊದಲು ಲಾಭದ ಮಾತು. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರಿಗೆ ಮಾರಾಟವಾಯಿತು ಅಂತ ಎಲ್ಲ ವಿಡಿಯೊಗಳಲ್ಲೂ ಹೇಳುತ್ತಾರೆ. ಅದು ಎಕ್ಸ್‌ಪೈರ್ ಆದಾಗ ಸಿಕ್ಕಿದ ಹೆಸರಲ್ಲ. ಮೈಕ್ರೋಸ್ಟ್ರಾಟಜಿ ಕಂಪನಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಹೆಸರು ಅದು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಮರುದಿನವೇ ಎಲ್ಲರ ಕೈಗೆ ಸಿಗುವುದೂ ಇಲ್ಲ. ಮೊದಲು ಕೆಲವು ವಾರ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಯ ಹತ್ತಿರ ಇರುತ್ತದೆ. ಆಮೇಲೆ ಹಳೆ ಮಾಲೀಕರಿಗೆ ಬಿಡಿಸಿಕೊಳ್ಳಲು 30 ದಿನ, ಅಳಿಸುವ ಮುಂಚೆ ಇನ್ನೂ 5 ದಿನ. ಒಳ್ಳೆಯ ಹೆಸರಾದರೆ ಅಷ್ಟರೊಳಗೆ ರಿಜಿಸ್ಟ್ರಾರೇ ಹರಾಜು ಹಾಕಿರುತ್ತಾರೆ. ಉಳಿದದ್ದನ್ನು ಸೆಕೆಂಡಿನೊಳಗೆ ಹಿಡಿಯಲು ದೊಡ್ಡ ಕಂಪನಿಗಳ ಕಂಪ್ಯೂಟರುಗಳು ಕಾಯುತ್ತಿರುತ್ತವೆ. ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನಿಗೆ ಸಿಗುವುದು ಅವರಿಗೆಲ್ಲ ಬೇಡವಾದದ್ದು. ಮಾರಾಟವಾಗಲಿ ಬಿಡಲಿ, ಪ್ರತಿ ವರ್ಷ ನವೀಕರಣದ ದುಡ್ಡಂತೂ ಕಟ್ಟಲೇಬೇಕು.

ಹಾಗಾದರೆ ಬೇಗ ದುಡ್ಡು ಎಲ್ಲಿಂದ ಬರುತ್ತದೆ? ಗಾಬರಿಯಾದ ಹಳೆ ಮಾಲೀಕನಿಂದ. ಇಲ್ಲವೇ ಜೂಜಿನ ಸೈಟಿನವರಿಂದ. ನನಗೆ ಸಂಕಟ ಆಗುವುದು ಇಲ್ಲೇ.

ನಮ್ಮ ಕಡೆ ಅವಧಿ ಮುಗಿಯುವ ಹೆಸರುಗಳು ಎಂಥವು ನೋಡಿ. ಬ್ರಹ್ಮಕಲಶೋತ್ಸವಕ್ಕೆಂದು ಮಾಡಿದ ದೇವಸ್ಥಾನದ ಸೈಟು. ಶಾಲೆಯ ಶತಮಾನೋತ್ಸವದ್ದು. ಭಜನಾ ಮಂಡಳಿಯದ್ದು, ಯಕ್ಷಗಾನ ಮಂಡಳಿಯದ್ದು. ಆ ವಿಳಾಸವನ್ನು ಆಮಂತ್ರಣ ಪತ್ರಿಕೆಯಲ್ಲಿ, ರಶೀದಿ ಪುಸ್ತಕದಲ್ಲಿ ಅಚ್ಚು ಹಾಕಿಸಿರುತ್ತಾರೆ. ಮುಂಬಯಿಯಲ್ಲಿ, ಗಲ್ಫಿನಲ್ಲಿ ಇರುವ ಊರವರು ಅದನ್ನೇ ನೋಡಿ ದೇಣಿಗೆ ಕಳಿಸಿರುತ್ತಾರೆ. ಹೆಸರು ನೋಂದಾಯಿಸಿದ್ದು ಮಾತ್ರ ಊರಿನ ಒಬ್ಬ ಹುಡುಗ, ಅವನದೇ ಇಮೇಲಿನಲ್ಲಿ. ಅವನು ಈಗ ದುಬೈಯಲ್ಲಿ. ಅವಧಿ ಮುಗಿಯುವ ಒಂದು ತಿಂಗಳು ಮುಂಚೆ, ಮತ್ತೆ ಒಂದು ವಾರ ಮುಂಚೆ ರಿಜಿಸ್ಟ್ರಾರ್ ಎಚ್ಚರಿಕೆಯ ಮೇಲ್ ಕಳಿಸಲೇಬೇಕು, ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ ಹಾಗಿದೆ. ಅದು ಹೋಗುವುದು ಅವನು ತೆರೆಯದ ಇನ್‌ಬಾಕ್ಸಿಗೆ. ಅಧ್ಯಕ್ಷರಿಗೆ ಗೊತ್ತಿಲ್ಲ, ಖಜಾಂಚಿಗೂ ಗೊತ್ತಿಲ್ಲ.

ಉಡುಪಿ ಜಿಲ್ಲೆಯ ಒಂದು ಹಳೆ ವಿದ್ಯಾರ್ಥಿ ಸಂಘಕ್ಕೆ ಹೀಗೇ ಆಯಿತು. ಅವರ ವಿಳಾಸ ಒತ್ತಿದರೆ ರಮ್ಮಿ, ಬೆಟ್ಟಿಂಗ್ ತೆರೆದುಕೊಳ್ಳುತ್ತಿತ್ತು. ಶಾಲೆಯ ಹೆಸರು ಕಾಣಿಸಿಕೊಂಡದ್ದು ಜೂಜಿನ ಜಾಹೀರಾತಿನ ಮೇಲೆ. ಆ ಮೇಷ್ಟ್ರುಗಳ ಮುಖ ನೋಡಲಾಗಲಿಲ್ಲ ಮಾರಾಯ್ರೆ. ಜೂಜಿನವರಿಗೆ ಇಂಥ ಹೆಸರೇ ಏಕೆ ಬೇಕು? ಪತ್ರಿಕೆಗಳು, ಬೇರೆ ಸಂಸ್ಥೆಗಳು ಆ ವಿಳಾಸಕ್ಕೆ ಹಿಂದೆಂದೋ ಕೊಟ್ಟ ಲಿಂಕುಗಳು ಹಾಗೇ ಇರುತ್ತವೆ. ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು ಅವರಿಗೆ ಅದು ಬೇಕು. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ಸ್ಪ್ಯಾಮ್ ಎಂದೇ ತನ್ನ ನಿಯಮದಲ್ಲಿ ಸೇರಿಸಿತು. ಆದರೂ ನಿಂತಿಲ್ಲ.

ಇದಕ್ಕಿಂತ ಅಪಾಯದ್ದು ಇಮೇಲ್. ಹೆಸರು ಯಾರ ಕೈಯಲ್ಲಿದೆಯೋ ಆ ಹೆಸರಿನ ಎಲ್ಲ ಮೇಲ್ ಅವರಿಗೇ ಹೋಗುತ್ತದೆ. ಹಳೆಯ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕು ಕೂಡ. ಬ್ಯಾಂಕುಗಳ ಹೆಸರಿನಲ್ಲಿ ಮೋಸ ತಡೆಯಲು ರಿಸರ್ವ್ ಬ್ಯಾಂಕ್ ಅವುಗಳಿಗೆಂದೇ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸ ತಂದಿತು. 2025ರ ಅಕ್ಟೋಬರ್ 31ರೊಳಗೆ ಎಲ್ಲರೂ ಅಲ್ಲಿಗೆ ಹೋಗಬೇಕು ಎಂದಿತು. ಭಜನಾ ಮಂಡಳಿಗೆ ಅಂಥ ರಕ್ಷಣೆ ಎಲ್ಲಿದೆ?

ಕಾನೂನು ಇದೆ. ಸತ್ಯಂ ಇನ್ಫೋವೇ ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆ ಸಿಗಬೇಕು ಎಂದಿದೆ. ಡಾಟ್ ಇನ್ ಹೆಸರಿಗೆ, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯಲ್ಲಿ ದೂರು ಕೊಡಬಹುದು. ಆದರೆ ಹೆಸರಿನ ಮೇಲೆ ನಮಗೆ ಹಕ್ಕಿದೆ, ಎದುರಿನವರ ಉದ್ದೇಶ ಕೆಟ್ಟದ್ದು ಎಂದು ಸಾಬೀತು ಮಾಡಬೇಕು. ವಕೀಲರ ಫೀಸು ಬೇರೆ. ಸಣ್ಣ ಸಂಘಗಳು ಸುಮ್ನೆ ಕೈಬಿಡುತ್ತವೆ, ಇಲ್ಲವೇ ಕೇಳಿದಷ್ಟು ಕೊಟ್ಟುಬಿಡುತ್ತವೆ. ಮಾರುವವನಿಗೂ ಇದು ಗೊತ್ತು.

1999ರಲ್ಲಿ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ದುಡ್ಡು ಕಟ್ಟಲು ಮರೆತು, ಅದರ ಮೂಲಕ ಲಾಗಿನ್ ಆಗುತ್ತಿದ್ದ ಅದೇ ಕಂಪನಿಯ ಇಮೇಲ್ ಸೇವೆ ಹಾಟ್‌ಮೇಲ್‌ಗೆ ತೊಂದರೆಯಾಗಿತ್ತು. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಕ್ರಿಸ್‌ಮಸ್ ಹೊತ್ತಿಗೆ ತನ್ನ ಕೈಯಿಂದ 35 ಡಾಲರ್ ಕಟ್ಟಿ ಅದನ್ನು ಸರಿಮಾಡಿದ. ಅಷ್ಟು ದೊಡ್ಡ ಕಂಪನಿಗೇ ಮರೆವು ಬರುತ್ತದೆ ಅಂದ ಮೇಲೆ ನಮ್ಮೂರ ಸಂಘಕ್ಕೆ ಬರುವುದಿಲ್ವಾ?

ಹುಡುಗರೇ, ಹರಾಜಿಗೆ ಇಳಿಯುವ ಮುಂಚೆ ಆ ವಿಳಾಸದ ಹಳೆ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ತೆರೆದು ನೋಡಿ. ಅಲ್ಲಿ ಫೋನ್ ನಂಬರ್ ಇದ್ದೀತು. ಒಂದು ಕರೆ ಮಾಡಿ. ನೀವು ಹಿಡಿದುಕೊಟ್ಟರೆ ಖರ್ಚು ತೆಗೆದುಕೊಳ್ಳಿ, ನಿಮ್ಮ ಕೆಲಸಕ್ಕೆ ಸರಿಯಾದ ಮಜೂರಿಯನ್ನೂ ತೆಗೆದುಕೊಳ್ಳಿ. ಅದು ಮರ್ಯಾದೆಯ ದುಡ್ಡು.

ಸಮಿತಿಯವರೇ, ಹೆಸರನ್ನು ಸಂಘದ ಖಾತೆಗೆ ಬದಲಾಯಿಸಿಕೊಳ್ಳಿ. ಒಂದೇ ಸಲ 10 ವರ್ಷದವರೆಗೆ ಕಟ್ಟಲು ಬರುತ್ತದೆ. ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ, ಹೆಸರು ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಅವಧಿ ಮುಗಿಯುವ ತಾರೀಕನ್ನು ಈ ಸಲದ ಮಹಾಸಭೆಯಲ್ಲಿ ಲೆಕ್ಕಪತ್ರದ ಜೊತೆ ಓದಿಸಿ. ನಿಮ್ಮ ಹೆಸರು ಯಾರ ಖಾತೆಯಲ್ಲಿದೆ ಅಂತ ಗೊತ್ತಾಗದಿದ್ದರೆ ವಿಳಾಸವನ್ನು ನನ್ನ ಇನ್‌ಬಾಕ್ಸಿಗೆ ಕಳಿಸಿ, ನೋಡಿ ಹೇಳುತ್ತೇನೆ. ಅದಕ್ಕೆ ದುಡ್ಡು ಬೇಡ.