ಮಣಿಕಟ್ಟಿನ ಮುದ್ರೆ

ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ನಿಂತು ಮಣಿಕಟ್ಟನ್ನು ಮೊದಲು ಸೋಪಿನಿಂದ, ಆಮೇಲೆ ಕಡಲೆಹಿಟ್ಟಿನಿಂದ, ಕೊನೆಗೆ ಯಾರೂ ನೋಡದಂತೆ ಪಾತ್ರೆ ಉಜ್ಜುವ ನಾರಿನಿಂದ ತಿಕ್ಕಿದರೂ ಹಿಂದಿನ ರಾತ್ರಿ ಒತ್ತಿದ ನೇರಳೆ ಮುದ್ರೆ ಹೋಗಲಿಲ್ಲ. ಹತ್ತೂವರೆಗೆ ಸೋದರಮಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ತುಂಬುತೋಳಿನ ಅಂಗಿಯಲ್ಲಿ ಮರೆಮಾಚೋಣವೆಂದರೆ, ಪಂಚೆ ಮತ್ತು ಶಲ್ಯವೇ ಆಗಬೇಕೆಂದು ಮನೆಯೊಳಗಿನಿಂದ ಆಜ್ಞೆಯಾಗಿತ್ತು.

ಮುದ್ರೆ ಬಿದ್ದದ್ದು ಬೆಂಗಳೂರಿನ ಜನಪದ-ರಾಕ್ ತಂಡವಾದ ಸ್ವರಾತ್ಮದ ಹಾಡು ಕೇಳಲು ಹೋದ ಕಡೆ. 2009ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ದುಡ್ಡು ಕೊಟ್ಟು ಸಿ.ಡಿ. ಕೊಂಡವರಲ್ಲಿ ನಾನೂ ಒಬ್ಬನೆಂಬುದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ. ಹಾಡುಗಳೆಲ್ಲ ಫೋನಿನಲ್ಲಿಯೇ ಇರುವಾಗ ಈ ವಯಸ್ಸಿನಲ್ಲಿ ಮೂರು ಗಂಟೆ ನಿಂತು ಕೇಳುವ ಚಪಲವೇಕೆಂದು ಅಕ್ಕನ ಮಗ ಕೇಳಿದ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಸರಿಯಾದ ಉತ್ತರವನ್ನು ಇಲ್ಲಿಯೇ ಕೊಡಲಿದ್ದೇನೆ. ಅದಕ್ಕೆ ಮುಂಚೆ ಕೆಲವು ದೂರುಗಳಿವೆ.

ಎಂಟು ಗಂಟೆಗೆ ಎಂದು ಟಿಕೇಟಿನಲ್ಲಿ ಅಚ್ಚಾಗಿದ್ದ ಕಾರ್ಯಕ್ರಮ ಶುರುವಾದದ್ದು ಒಂಬತ್ತೂವರೆಗೆ. ಇದೇ ಊರಿನ ರಂಗಶಂಕರದಲ್ಲಿ 2004ರಿಂದಲೂ ನಾಟಕದ ಹೊತ್ತಾದೊಡನೆ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರು ಎಂಥವರಾದರೂ ಹೊರಗೆ. ಆ ಶಿಸ್ತಿನಲ್ಲಿ ಒಂದು ಚಿಟಿಕೆಯನ್ನು ಸಾಲವಾಗಿ ತಂದಿದ್ದರೆ ನನ್ನ ಮೊಣಕಾಲು ಉಳಿಯುತ್ತಿತ್ತು. ಕುರ್ಚಿಗಳಿರಲಿಲ್ಲ. ಕುರ್ಚಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ, ಆಸ್ಪತ್ರೆಯ ದಾರಿ ಕೇಳಿದವನನ್ನು ನೋಡುವಂತೆ, ಬಹಳ ಮರುಕದಿಂದ ನನ್ನನ್ನು ನೋಡಿದ. ನನ್ನ ಮುಂದೆ ನಿಂತ ಇಬ್ಬರು ಪಿಟೀಲಿನ ಒಂದು ಅತ್ಯಂತ ನವಿರಾದ ಎಳೆ ನಡೆಯುತ್ತಿರುವಾಗ ಬಾಡಿಗೆ ಮನೆಯ ಮುಂಗಡ ಹಣದ ವಿಚಾರವನ್ನು ಕೂಲಂಕಷವಾಗಿ ಚರ್ಚಿಸಿದರು. ಕಾವೇರಿ ನೀರಿನ ಜಗಳವನ್ನು ಕುರಿತು ತಂಡದವರದ್ದೊಂದು ಹಾಡಿದೆ. ಅದು ನಡೆಯುತ್ತಿದ್ದಾಗ ಪಕ್ಕದವನು ತನ್ನ ಲೋಟಕ್ಕೆ ಐಸ್ ಕಡಿಮೆಯಾಯಿತೆಂದು ಹಾಡಿಗಿಂತ ಎತ್ತರದ ಶ್ರುತಿಯಲ್ಲಿ ಜಗಳವಾಡಿದ. ಅಲ್ಲಿ ನನ್ನ ಮಾತನ್ನು ಯಾರು ಕೇಳುತ್ತಿದ್ದರು? ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಆದರೂ ಇಂಥ ಜಾಗಗಳು ಇರುವುದೇ ಹೆಚ್ಚೆನ್ನಬೇಕು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಬೆಂಗಳೂರಿನ ಎಷ್ಟೋ ಕಡೆ ಗಿಟಾರುಗಳು ಚೀಲ ಸೇರಿದವು. ಇಂಥದೇ ಹಾಡಿನ ಜಾಗವಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲೆಳೆದುಕೊಂಡಿತು. ಬೀದಿಯ ಗಣಪತಿ ಪೆಂಡಾಲಿನ ಧ್ವನಿವರ್ಧಕದ ಮುಂದೆ ಆ ಗಿಟಾರುಗಳ ಸದ್ದು ಎಷ್ಟರದ್ದು ಎಂಬ ಲೆಕ್ಕವನ್ನು ನಾನಿಲ್ಲಿ ತೆಗೆಯುವುದಿಲ್ಲ.

ಮುದ್ರೆಯ ವಿಷಯಕ್ಕೆ ಬರುತ್ತೇನೆ. ಪೂಜೆಯ ಮನೆಯಲ್ಲಿ ಬಲಗೈ ಚಾಚಿ ತೀರ್ಥ ತೆಗೆದುಕೊಳ್ಳಬೇಕಾಯಿತು, ಮಾವ ನೋಡಿಯೇಬಿಟ್ಟರು. ‘ಇದು ಆಷಾಢವಲ್ಲವಲ್ಲ, ಯಾವ ಮಠದಲ್ಲಿ ಹಾಕಿಸಿಕೊಂಡೆ?’ ಎಂದರು. ಪ್ರಥಮೈಕಾದಶಿಯಂದು ಮಾಧ್ವ ಮಠಗಳಲ್ಲಿ ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರಗಳನ್ನು ಭಕ್ತರ ಮೈಮೇಲೆ ಒತ್ತುವ ತಪ್ತಮುದ್ರಾಧಾರಣೆ ಅವರ ಮನಸ್ಸಿನಲ್ಲಿತ್ತು. ಮುದ್ರೆಯ ಮೂಲ ಆಕಾರ ಒಂದು ಗೂಬೆ. ನಾರಿನ ಉಜ್ಜಾಟಕ್ಕೆ ಅದರ ಕಿವಿಗಳು ಅಳಿಸಿಹೋಗಿ ಉಳಿದ ಎರಡು ದುಂಡುಗಣ್ಣುಗಳು ಚಕ್ರವನ್ನು ಹೋಲುತ್ತಿದ್ದವು ಎಂಬುದನ್ನು ಒಪ್ಪಬೇಕು. ನಾನು ನಿಜ ಹೇಳಿದೆ: ಒಳಗೆ ಹೋದವನು ಫೋನಿನಲ್ಲಿ ಮಾತಾಡಲು ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಕ್ಕೆ ಅದೊಂದು ಗುರುತು.

ಮಾವ ನಿವೃತ್ತ ಮುಖ್ಯೋಪಾಧ್ಯಾಯರು. ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವರಾದ್ದರಿಂದ ಕೈಯ ಮೇಲಿನ ಶಾಯಿಯ ವಿಷಯದಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂದೇ ಅವರ ನಂಬಿಕೆ. ಪ್ರಸಾದದ ದೊನ್ನೆಯನ್ನು ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ‘ಕಳಪೆ ಮಾಲು’ ಎಂದು ತೀರ್ಪು ಕೊಟ್ಟರು. ಅಲ್ಲಿಂದ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದ್ದು, 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಅಲ್ಲಿಯ ಶಾಯಿಯೇ ಬಂದದ್ದು, ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಬೆರೆತು ಬಿಸಿಲು ತಾಗಿದಷ್ಟೂ ಕಪ್ಪಾಗುವುದು, ಉಗುರು ಬೆಳೆದು ಕತ್ತರಿಸುವ ತನಕ ಬಿಡದಿರುವುದು, ಹೊರದೇಶಗಳೂ ಅದನ್ನೇ ತರಿಸಿಕೊಳ್ಳುವುದು. ಒಂದು ಸಲ ತಮ್ಮ ಮತಗಟ್ಟೆಗೆ ಬೆರಳಿಗೆ ಪಪಾಯಿ ಹಾಲು ಬಳಿದುಕೊಂಡು ಎರಡನೆಯ ಮತಕ್ಕೆ ಬಂದವನೊಬ್ಬನನ್ನು ಹಿಡಿದದ್ದನ್ನು ಹೇಳುವಾಗ ಅವರ ದನಿ ಅರ್ಚಕರ ಮಂತ್ರಕ್ಕಿಂತ ಮೇಲೇರಿ, ಅತ್ತೆ ಒಳಗಿನಿಂದ ಎರಡು ಸಲ ಕೆಮ್ಮಿದರು. ಸಾಧು ವೈಶ್ಯನ ದೋಣಿಯಲ್ಲಿ ಸರಕೆಲ್ಲ ಎಲೆಬಳ್ಳಿಯಾದ ಕಥೆ ಎಷ್ಟು ಹೊತ್ತಿಗೆ ಮುಗಿಯಿತೋ ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಈ ತಂಡದ ಗಾಯಕ ವಾಸು ದೀಕ್ಷಿತರೂ ಮೈಸೂರಿನಲ್ಲಿ ಬೆಳೆದವರೇ ಎಂದು ನಾನು ನಡುವೆ ತೂರಿಸಿದೆ. ‘ಹಾಗಾದರೆ ಶಾಯಿಯನ್ನೂ ಅಲ್ಲಿಂದಲೇ ತರಿಸಬಹುದಿತ್ತಲ್ಲ’ ಎಂದರು.

ಅಕ್ಕನ ಮಗನ ಪ್ರಶ್ನೆ ಬಾಕಿ ಇದೆ. ಸ್ವರಾತ್ಮದವರ ಕಛೇರಿಗಳಲ್ಲಿ ಒಂದು ಕುದುರೆ ಬರುವುದುಂಟು. ನಮ್ಮ ಜಾತ್ರೆಗಳ ಕೀಲುಕುದುರೆಯ ವಂಶದ್ದು, ಗಾಯಕ ಅದನ್ನು ಸೊಂಟಕ್ಕೆ ತೊಟ್ಟು ಕುಣಿಯುತ್ತಾರೆ. ದೊಡ್ಡ ಮೈದಾನದಲ್ಲಿ ಅದನ್ನು ನೋಡಿದಾಗ ನನಗೆ ಕಂಡದ್ದು ಬಣ್ಣದ ಒಂದು ಚುಕ್ಕೆ. ಈ ಸಲ ಅದು ಮೂರಡಿ ದೂರದಲ್ಲಿತ್ತು, ಅದರ ಕೊರಳಿನ ಬಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟಿದ್ದು ಕಾಣುತ್ತಿತ್ತು. ಮುಂಗಡ ಹಣದವರಿಬ್ಬರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಐಸಿನವನು ಲೋಟವನ್ನು ತಲೆಯ ಮೇಲಿಟ್ಟುಕೊಂಡು ಕುಣಿದ, ಒಂದು ಹನಿಯನ್ನೂ ಚೆಲ್ಲಲಿಲ್ಲ. ನನ್ನ ಮೊಣಕಾಲು ಏನು ಮಾಡಿತೆಂದು ನಾನು ಹೇಳುವುದಿಲ್ಲ. ಅಕ್ಕನ ಮಗ ಅದನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟು ಈಗ ಮನೆಮಂದಿಗೆಲ್ಲ ತೋರಿಸುತ್ತಿದ್ದಾನೆ. ಹಿಡಿದಿಟ್ಟದ್ದನ್ನು ನಾನೂ ನೋಡಿದೆ. ಅದರಲ್ಲಿ ಕುದುರೆಯೂ ಇಲ್ಲ, ಪಿಟೀಲೂ ಇಲ್ಲ. ಒಬ್ಬ ಮುದುಕನಿದ್ದಾನೆ, ಹಿನ್ನೆಲೆಯಲ್ಲಿ ಏನೋ ಗದ್ದಲ.

ಗೂಬೆಯ ಒಂದು ಕಣ್ಣು ಬುಧವಾರದವರೆಗೂ ಇತ್ತು. ಗುರುವಾರ ಮಾವ ಫೋನು ಮಾಡಿ ಅದು ಹೋಯಿತೇ ಎಂದು ಕೇಳಿದರು, ಹೋಯಿತೆಂದೆ. ‘ನಾನು ಹೇಳಿರಲಿಲ್ಲವೇ?’ ಎಂದು ಬಹಳ ಸಂತೋಷದಿಂದ ಇಟ್ಟುಬಿಟ್ಟರು.